ಬೆಲ್ಟಿಗೆ ರಾಳ

ರಹೀಮುನ್ನೀಸಾಳಿಗೆ ಮಾತು ಚೆನ್ನಾಗಿಯೇ ಬರುತ್ತಿತ್ತು. ಬರದೇ ಇದ್ದದ್ದು ಸುಮ್ಮನೆ ಕೂರುವುದು. ಕೊಪ್ಪ ಪೇಟೆ ಮುಗಿಯುವಲ್ಲಿ ಧರ್ಮಪ್ಪ ಗೌಡರ ಅಕ್ಕಿ ಮಿಲ್ಲಿತ್ತು. ಅಲ್ಲಿ ಎಂಜಿನ್ ನಡೆಸುವವನು ಅವಳ ಗಂಡ ಜಲಾಲುದ್ದೀನ್. ಅವಳು ಅದೇ ಮಿಲ್ಲಿನಲ್ಲಿ ತೌಡು ಗುಡಿಸುತ್ತಿದ್ದಳು, ನುಚ್ಚು ಜರಡಿ ಹಿಡಿಯುತ್ತಿದ್ದಳು, ಚೀಲದ ಬಾಯಿ ಹೊಲಿಯುತ್ತಿದ್ದಳು. ಊರಿನ ಸುದ್ದಿಯನ್ನೆಲ್ಲ ಕೇಳುತ್ತಿದ್ದಳು, ಆದರೆ ಕೈ ಆಡಿಸುತ್ತಲೇ.

“ಯಮ ಬಂದ್ರೂ ಇವ್ಳು ಕೈಗೊಂದು ಜರಡಿ ಕೊಟ್ಟು ಕೂರಿಸ್ತಾಳೆ ಮಾರಾಯ” ಎಂದು ಮೇಗುಂದದ ಭೈರಪ್ಪ ಹೇಳಿದರೆ ಭತ್ತ ತಂದವರೆಲ್ಲ ನಗುತ್ತಿದ್ದರು. ಎಪ್ಪತ್ತೆಂಟರ ಸುಗ್ಗಿಯಲ್ಲಿ ಮಾತ್ರ ಅವಳಿಗೆ ಆ ಮಾತು ಕೇಳಿದಾಗ ನಗು ಬರಲಿಲ್ಲ.

ಕಾರಣ ಬೆಲ್ಟು. ಎಂಜಿನ್ನಿನ ಚಕ್ರದಿಂದ ಅಕ್ಕಿ ಮಾಡುವ ಹಲ್ಲರಿನವರೆಗೆ ಉದ್ದಕ್ಕೆ ಓಡುವ ಅಗಲವಾದ ಪಟ್ಟೆ ಅದು. ಎರಡು ತುದಿ ಸೇರಿಸಿ ಚರ್ಮದ ದಾರದಲ್ಲಿ ಹೊಲಿದಿದ್ದ ಕಡೆ ಹೊಲಿಗೆ ಬಿಟ್ಟುಕೊಂಡು, ದಾರದ ಒಂದು ಕುಣಿಕೆ ಮೇಲೆದ್ದಿತ್ತು. ಸುತ್ತು ಬಂದಾಗಲೆಲ್ಲ ಟಪ್ ಎನ್ನುತ್ತಿತ್ತು. ಬೆಲ್ಟು ಸಡಿಲವಾಗಿ ಜಾರಿದರೆ ಹಲ್ಲರ್ ನಿಧಾನವಾಗುತ್ತಿತ್ತು. ಆಗ ಜಲಾಲುದ್ದೀನ್ ಮಾತು ಅಷ್ಟಕ್ಕೆ ಬಿಟ್ಟು ಎದ್ದು, ಗೋಡೆಗೂ ಬೆಲ್ಟಿಗೂ ನಡುವೆ ನುಸುಳಿ, ಓಡುವ ಬೆಲ್ಟಿನ ಮೇಲೆ ಕೈಚಾಚಿ ಒಂದು ಹಿಡಿ ರಾಳದ ಪುಡಿ ಎರಚುತ್ತಿದ್ದ. ಧೂಪದ ಮರದ ಅಂಟು ಅದು. ಬಿಸಿಗೆ ಕರಗಿ ಬೆಲ್ಟನ್ನು ಚಕ್ರಕ್ಕೆ ಕಚ್ಚಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಒಣಗಿ ಮತ್ತೆ ಜಾರುತ್ತಿತ್ತು, ಅವನು ಮತ್ತೆ ಏಳುತ್ತಿದ್ದ.

ರಾಳದ ಹೊಗೆ ಮೂಗಿಗೆ ಬಡಿದರೆ ರಹೀಮುನ್ನೀಸಾಳಿಗೆ ಸತ್ತವರಿಗೆ ಫಾತಿಹಾ ಓದುವಾಗ ಹಾಕುವ ಲೋಬಾನದ ಧೂಪ ನೆನಪಾಗುತ್ತಿತ್ತು. ಗಂಡನ ಹೆಗಲ ಮೇಲಿನ ಟವೆಲಿನ ತುದಿ ಬೆಲ್ಟಿನಿಂದ ಒಂದು ಗೇಣು ದೂರದಲ್ಲಿ ತೂಗುತ್ತಿರುತ್ತಿತ್ತು. ಅವಳು ಜರಡಿ ನಿಲ್ಲಿಸಿ ಆ ಒಂದು ಗೇಣನ್ನೇ ನೋಡುತ್ತಿದ್ದಳು.

ಅವಳ ಹೆದರಿಕೆಗೆ ಬೇರೆಲ್ಲೋ ಬೇರಿತ್ತು. ಅವಳ ತವರು ನರಸಿಂಹರಾಜಪುರದ ಕಡೆ. ಭದ್ರಾ ಅಣೆಕಟ್ಟಿನ ಹಿನ್ನೀರು ಊರಿಗೆ ಬರುತ್ತದೆ, ಜಾಗ ಖಾಲಿ ಮಾಡಿ ಎಂದು ಸರ್ಕಾರದವರು ಹೇಳಿ ಹೋಗಿದ್ದರೂ ಅವಳ ಅಪ್ಪ ಕಟ್ಟೆಯ ಮೇಲೆ ಕೂತು ನೀರು ಎಲ್ಲಿಯವರೆಗೆ ಬರಬಹುದೆಂದು ದಿನಾ ಚರ್ಚೆ ಮಾಡಿದ. ನೀರು ಬಂದದ್ದು ಚರ್ಚೆ ಮುಗಿಯುವ ಮೊದಲು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಆಡುಗಳ ಹಗ್ಗ ಬಿಚ್ಚಲೂ ಆಗಿರಲಿಲ್ಲ.

ಆವತ್ತು ಬೆಳಿಗ್ಗೆ ಚಾ ಕೊಡುವಾಗ ಅವಳು ಮತ್ತೆ ಕೇಳಿದಳು.

“ಇವತ್ತಾದ್ರೂ ಬೆಲ್ಟು ಹೊಲೀರಿ.”

“ಸುಗ್ಗಿ ಮುಗೀಲಿ ಮಾರಾಯ್ತಿ.”

“ಅರ್ಧ ದಿನದ ಕೆಲ್ಸ.”

“ಅರ್ಧ ದಿನ ಎಲ್ಲಿಂದ ತರ್ಲಿ? ಜನ ಗಾಡಿ ಕಟ್ಕೊಂಡು ಬಂದು ಕೂತಿರ್ತಾರೆ.”

“ನಿನ್ನೆ ಭೈರಪ್ಪನ ಎಮ್ಮೆ ಕಥೆಗೆ ಎಲ್ಲಿಂದ ತಂದ್ರಿ?”

ಜಲಾಲುದ್ದೀನ್ ಚಾ ಊದುತ್ತಾ ನಕ್ಕ. “ಅದು ಬೇರೆ ಲೆಕ್ಕ. ಆಗ ಎಂಜಿನ್ ಓಡ್ತಾ ಇತ್ತಲ್ಲ.”

ಅವನ ನಂಬಿಕೆ ಪೂರಾ ಅಷ್ಟೇ ಆಗಿತ್ತು. ಎಂಜಿನ್ ಓಡುತ್ತಿದ್ದರೆ ಹೊತ್ತು ಹಾಳಾಗುತ್ತಿಲ್ಲ. ಹಲ್ಲರಿನಲ್ಲಿ ಭತ್ತ ಮುಗಿದು ಬರೀ ಸದ್ದು ಬರುತ್ತಿದ್ದರೂ, ಬೆಲ್ಟು ಜಾರಿ ಅಕ್ಕಿಯ ಜೊತೆ ಅರ್ಧ ಭತ್ತವೇ ಬಿದ್ದು ಮತ್ತೊಮ್ಮೆ ಸುರಿಯಬೇಕಾಗಿ ಬಂದರೂ ಅವನಿಗೆ ಚಿಂತೆಯಿಲ್ಲ. ಟುಕ್ ಟುಕ್ ಸದ್ದು ಪೇಟೆಗೆ ಕೇಳುತ್ತಿರಬೇಕು. ಸುಗ್ಗಿಯಲ್ಲಿ ಬೆಳಿಗ್ಗೆ ಹಚ್ಚಿದ ಎಂಜಿನ್ ಸಂಜೆಗೆ ಮುಂಚೆ ನಿಂತರೆ ಮಿಲ್ಲು ಕೆಟ್ಟಿತೆಂದು ಸುದ್ದಿಯಾಗುತ್ತದೆ. ನಿಂತ ಎಂಜಿನ್ ಮತ್ತೆ ಹಚ್ಚಲು ಮೂರು ಜನ ಹ್ಯಾಂಡಲ್ ತಿರುಗಿಸಬೇಕು. ಅದು ಅವನಿಗೆ ಅವಮಾನ.

ಆ ದಿನ ಕೆರೆಕಟ್ಟೆಯಿಂದ ತುಂಗಮ್ಮ ಎಂಬ ಮುದುಕಿ ಬಂದಿದ್ದಳು. ಊರಿಗೆ ವಾಪಸು ಹೋಗಲು ಅವಳಿಗೆ ಇದ್ದದ್ದು ಒಂದೇ ಬಸ್ಸು. ಅವಳ ಭತ್ತ ಹಲ್ಲರಿಗೆ ಬೀಳುವ ಹೊತ್ತಿಗೆ ಭೈರಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಬಸರೀಕಟ್ಟೆಯ ಎಸ್ಟೇಟಿನ ಜೀಪು ತಿರುವಿನಲ್ಲಿ ಪಲ್ಟಿಯಾದ ಸುದ್ದಿ ತಂದಿದ್ದ. ಜಲಾಲುದ್ದೀನ್ ಬೆಂಚಿಗೆ ಹೋಗಿ ಕೂತ.

“ಡ್ರೈವರ್ ಬದುಕಿದ್ನಾ?”

“ಹೇಳ್ತೀನಿ ತಡಿ ಮಾರಾಯ, ಮೊದ್ಲಿಂದ ಹೇಳ್ತೀನಿ.”

ಮೊದಲಿಂದ ಎಂದರೆ ಭೈರಪ್ಪನಿಗೆ ಜೀಪು ಕೊಂಡ ವರ್ಷದಿಂದ.

ಬೆಲ್ಟು ಜಾರಿತು. ಜಲಾಲುದ್ದೀನ್ ಎದ್ದು ರಾಳ ಎರಚಿ ಬಂದು ಕೂತ. ಇನ್ನೊಮ್ಮೆ ಜಾರಿತು. ಕಥೆ ಬಿಡಲಾರದೆ ಅವನು ಈ ಸಲ ತಲೆಯನ್ನು ಭೈರಪ್ಪನ ಕಡೆಗೇ ತಿರುಗಿಸಿಕೊಂಡು, ನೋಡದೆಯೇ ಬೆಲ್ಟಿನ ಮೇಲೆ ಕೈಚಾಚಿದ. ಟವೆಲಿನ ತುದಿ ಬೆಲ್ಟನ್ನು ಸವರಿ ಹಿಂದೆ ಬಂತು. ಅವನಿಗೆ ಗೊತ್ತೇ ಆಗಲಿಲ್ಲ.

ರಹೀಮುನ್ನೀಸಾ ಜರಡಿ ಕೆಳಗಿಟ್ಟಳು. ನೇರ ಎಂಜಿನ್ ಹತ್ತಿರ ಹೋಗಿ ಡೀಸೆಲ್ ನಿಲ್ಲಿಸುವ ಹಿಡಿಯನ್ನು ಎಳೆದಳು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ದೊಡ್ಡ ಚಕ್ರ ಮಾತ್ರ ಆ ಕೂಡಲೇ ನಿಲ್ಲಲಿಲ್ಲ. ಟಪ್, ಟಪ್ ಎಂದು ಸುತ್ತಿ ಸುತ್ತಿ ಕೊನೆಗೆ ನಿಂತಿತು. ಇಡೀ ಸುಗ್ಗಿಯಲ್ಲಿ ಆ ಹೊತ್ತಿನಲ್ಲಿ ಮಿಲ್ಲಿನಲ್ಲಿ ಅಷ್ಟು ನಿಶ್ಶಬ್ದ ಆಗಿರಲಿಲ್ಲ.

“ಯಾರು ನಿಲ್ಸಿದ್ದು?” ಜಲಾಲುದ್ದೀನ್ ಕೇಳಿದ.

“ನಾನು. ಈಗ ಹೊಲೀರಿ.”

“ನನ್ನ ಬಸ್ಸು ಹೋಗ್ತದಲ್ಲ ತಾಯಿ” ಎಂದಳು ತುಂಗಮ್ಮ. “ಹೆಂಗೋ ನಂದೊಂದು ಮಾಡ್ಕೊಟ್ಟು ಆಮೇಲೆ ಹೊಲ್ಕೊಳ್ಳಿ.”

“ಸಾಬ್ರೇ, ಇನ್ಮೇಲೆ ಎಂಜಿನ್ ಕೆಲ್ಸ ಇವ್ರಿಗೆ, ಜರಡಿ ನಿಮ್ಗೆ” ಎಂದ ಭೈರಪ್ಪ. ಜನ ನಕ್ಕರು.

ಆ ನಗು ಜಲಾಲುದ್ದೀನನ ಕಿವಿಯನ್ನು ಕೆಂಪಗೆ ಮಾಡಿತು. ಅವನು ಹೆಂಡತಿಗೆ ಬೈಯುವವನಲ್ಲ, ಆವತ್ತೂ ಬೈಯಲಿಲ್ಲ. ಸೀದಾ ಹೋಗಿ ಹ್ಯಾಂಡಲ್ ಹಿಡಿದ. ರಹೀಮುನ್ನೀಸಾ ಅವನ ಹೆಗಲಿನ ಟವೆಲ್ ಎಳೆದುಕೊಂಡಳು.

“ಇದನ್ನಾದ್ರೂ ಇಲ್ಲಿ ಬಿಡಿ.”

“ಇಟ್ಕೋ” ಎಂದ. ಭೈರಪ್ಪ ಮತ್ತು ಇನ್ನೊಬ್ಬರ ಜೊತೆ ತಿರುಗಿಸಿ ಎಂಜಿನ್ ಹಚ್ಚಿದ.

ಚಕ್ರ ರಭಸ ಹಿಡಿಯುತ್ತಿದ್ದ ಹಾಗೆ ಸಡಿಲ ಬೆಲ್ಟು ಎಂಜಿನ್ನಿನ ಚಕ್ರದಿಂದ ಪಕ್ಕಕ್ಕೆ ಜಾರಿ ಬಿತ್ತು. ಎಂಜಿನ್ ನಿಲ್ಲಿಸಿ ಹಾಕಬೇಕಾದ್ದು ಅದು. ಈಗ ತಾನೇ ಅಷ್ಟು ಜನರೆದುರು ಹಚ್ಚಿದ್ದನ್ನು ನಿಲ್ಲಿಸಲು ಅವನಿಗೆ ಮನಸ್ಸಾಗಲಿಲ್ಲ. ಕೋಲಿನಿಂದ ಬೆಲ್ಟನ್ನೆತ್ತಿ ತಿರುಗುವ ಚಕ್ರಕ್ಕೆ ಒತ್ತಿದ. ದಿನವಿಡೀ ಬೆಲ್ಟು ಕುಡಿದಿದ್ದ ರಾಳ ಅದನ್ನು ಚಕ್ರಕ್ಕೆ ಒಮ್ಮೆಲೇ ಕಚ್ಚಿಸಿತು. ಹೊಲಿಗೆಯ ಮೇಲೆದ್ದ ಕುಣಿಕೆ ಸುತ್ತು ಬಂದು ಅವನ ಅಂಗಿಯ ತೋಳನ್ನು ಹಿಡಿಯಿತು.

ರಹೀಮುನ್ನೀಸಾ ಡೀಸೆಲ್ ಹಿಡಿಯ ಹತ್ತಿರದಿಂದ ಕದಲಿರಲಿಲ್ಲ. ತಕ್ಷಣ ಎಳೆದಳು. ಆದರೆ ಆ ಚಕ್ರ ಎಳೆದ ಕೂಡಲೇ ನಿಲ್ಲುವ ಜಾತಿಯದಲ್ಲ ಎಂದು ಅವಳಿಗೆ ಈಗಷ್ಟೇ ಗೊತ್ತಾಗಿತ್ತು. ಅದು ನಿಲ್ಲುವವರೆಗೆ ಅವಳು ಕಣ್ಣು ಮುಚ್ಚದೆ ನಿಂತಿದ್ದಳು. ಆಮೇಲೆ ಕೈಯಲ್ಲಿದ್ದ ಟವೆಲನ್ನು ಗಂಡನ ತೋಳಿನ ಬುಡಕ್ಕೆ ಬಿಗಿದು ಕಟ್ಟಿದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈವರೆಗೆ ತೆಗೆದರು. ಜೀವ ಉಳಿಯಿತು. ಜಲಾಲುದ್ದೀನನ ತಮ್ಮ ಬಷೀರ್ ಹಾಸಿಗೆಯ ಪಕ್ಕ ಕೂತ. ಎರಡು ದಿನ ಬಿಟ್ಟು ಅವಳು ಬಟ್ಟೆಬರೆ ತರಲು ಕೊಪ್ಪಕ್ಕೆ ಬಂದಳು.

ಬಸ್ಸಿಳಿದಾಗಲೇ ಕೇಳಿಸಿತು. ಟುಕ್ ಟುಕ್. ಅವಳು ಮನೆ ಕಡೆ ತಿರುಗಲಿಲ್ಲ. ಹತ್ತಿರವಾದ ಹಾಗೆ ಅದರೊಳಗಿಂದ ಇನ್ನೊಂದು ಸದ್ದು ಬೇರೆಯಾಯಿತು. ಟಪ್. ಟಪ್. ಅದೇ ಬೆಲ್ಟು. ತೊಳೆದಿದ್ದರು, ಅಷ್ಟೇ.

ಒಳಗೆ ಹಿಂದಿಗಿಂತ ಹೆಚ್ಚು ಜನ. ಕೈ ಹೋದ ಕಥೆ ಕೇಳಲು ಬಂದವರೂ ಇದ್ದರು. ಭೈರಪ್ಪ ಬೆಂಚಿನ ಮೇಲೆ ಕೂತು ಮೊದಲಿಂದ ಹೇಳುತ್ತಿದ್ದ. ಹೊಸದಾಗಿ ಎಂಜಿನ್ನಿಗೆ ಬಂದ ವಾಸಪ್ಪ, ಮದುವೆಯಾಗಿ ವರ್ಷ ತುಂಬದ ಗಂಡಸು, ಗೋಡೆಗೂ ಬೆಲ್ಟಿಗೂ ನಡುವೆ ನುಸುಳಿ, ಮುಖ ಭೈರಪ್ಪನ ಕಡೆಗಿಟ್ಟು, ರಾಳದ ಹಿಡಿಯನ್ನು ಮುಂದೆ ಚಾಚಿದ್ದ.

ಅವಳು ಎಂಜಿನ್ ನಿಲ್ಲಿಸಿದಳು. ಈ ಸಲ ಯಾರೂ ನಗಲಿಲ್ಲ. ಚಕ್ರ ಪೂರಾ ನಿಲ್ಲುವ ತನಕ ಕಾದು, ಚೀಲದ ದಾರ ಕೊಯ್ಯುವ ಕತ್ತಿಯನ್ನು ಗೂಟದಿಂದ ತೆಗೆದುಕೊಂಡಳು.

ಧರ್ಮಪ್ಪ ಗೌಡರು ಓಡಿ ಬಂದರು. “ರಹೀಮಾ, ಸಮಾಧಾನ ಮಾಡ್ಕೋ. ಶಿವಮೊಗ್ಗಕ್ಕೆ ಹೊಸ ಬೆಲ್ಟಿಗೆ ಹೇಳಿ ಕಳ್ಸಾಣ. ಅಲ್ಲಿ ತನಕ ಹೆಂಗೋ ರಾಳ ಹಾಕಿ ನಡೀಲಿ. ಇಷ್ಟು ಜನ ಕಾಯ್ತಿದಾರೆ, ಸುಮ್ನೆ ಹೊತ್ತು ಹಾಳಾಗ್ತದೆ.”

“ಹಾಳಾಗ್ಲಿ ಗೌಡ್ರೇ.”

“ನಿನ್ನ ಗಂಡನೇ ಇಲ್ಲಿ ಇದ್ದಿದ್ರೆ ಹಿಂಗೆ ಮಾಡ್ತಿರ್ಲಿಲ್ಲ.”

“ಹೌದು, ಮಾಡ್ತಿರ್ಲಿಲ್ಲ” ಎಂದಳು.

ಅವಳು ಹೊಲಿಗೆಯನ್ನು ಮುಟ್ಟಲಿಲ್ಲ. ಹೊಲಿಗೆ ಬಿಚ್ಚಿದರೆ ಅದನ್ನೇ ಮತ್ತೆ ಹೇಗೋ ಕಟ್ಟಿ ಓಡಿಸುತ್ತಾರೆ. ಗಟ್ಟಿಯಾಗಿದ್ದ ಕಡೆಯೇ ಕತ್ತಿ ಹಾಕಿದಳು. ದಪ್ಪ ಪಟ್ಟೆ ಬೇಗ ಬಗ್ಗಲಿಲ್ಲ. ಅವಳಿಗೂ ಅವಸರವಿರಲಿಲ್ಲ. ಮೊಳಕ್ಕೊಂದರಂತೆ ಕೊಯ್ದ ತುಂಡುಗಳು ಒಂದೊಂದಾಗಿ ತೌಡಿನ ಮೇಲೆ ಬಿದ್ದವು. ಭೈರಪ್ಪನ ಕಥೆ ಅರ್ಧಕ್ಕೇ ನಿಂತಿತ್ತು. ವಾಸಪ್ಪ ರಾಳವನ್ನು ಮುಷ್ಟಿಯಲ್ಲೇ ಹಿಡಿದು ನಿಂತಿದ್ದ. ಅವಳು ಅವನ ಬಲಗೈಯನ್ನು ನೋಡಿದಳು.

“ಕೈ ತೊಳ್ಕೋ ಹೋಗಪ್ಪ” ಎಂದಳು ಅವನಿಗೆ, ಇನ್ನೊಂದು ಮೊಳ ಅಳೆಯುತ್ತಾ.