ಎರಡು ಬಾಗಿಲಿನ ಕಾರು

ಹುಸೇನಸಾಬರು ಮುಷ್ಟಿಯಿಂದ ಒತ್ತಿ ನೋಡದೆ ಯಾವ ಕುರ್ಚಿಯಲ್ಲೂ ಕೂರುತ್ತಿರಲಿಲ್ಲ. ಗ್ರಾಂಟ್ ರೋಡಿನಲ್ಲಿ ಕಾರಿನ ಸೀಟು ಹೊಲಿಯುವ ಅಂಗಡಿ ಅವರದು. ನಮ್ಮ ಮನೆಯ ಹೊಸ ಸೋಫಾ ಒತ್ತಿ, "ಮಾಸ್ತರ್ರ, ಇದರಾಗ ಸ್ಪಂಜ್ ಇಲ್ಲ, ಬರೇ ಮಾತೈತಿ" ಅಂದಿದ್ದರು. ಅದನ್ನು ಆರಿಸಿ ತಂದಿದ್ದ ನನ್ನ ಹೆಂಡತಿ ಆವತ್ತು ಅವರಿಗೆ ಚಹಾ ಕೊಡಲಿಲ್ಲ.

ಸಾಬರು ವಿಜಯಪುರದ ಕಡೆಯವರು. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ತಳಮಹಡಿಯಲ್ಲಿ ಅವರು, ಅವರ ಹೆಂಡತಿ ಖತೀಜಾಬಿ, ಇಬ್ಬರೇ. ಆಪರೇಷನ್ ಕೆಟ್ಟು ಆಕೆಯ ಒಂದು ಕಾಲು ಸೊಂಟದಿಂದ ಕೆಳಗೆ ಬಗ್ಗುತ್ತಿರಲಿಲ್ಲ. ರಿಕ್ಷಾ, ಟ್ಯಾಕ್ಸಿ ಯಾವುದೂ ಆಕೆಗೆ ಒಗ್ಗದು. ಆಕೆ ಹತ್ತಬಲ್ಲ ಗಾಡಿ ಒಂದೇ, ಸಾಬರ ಹಳೆಯ ಕೆಂಪು ಕೂಪೆ ಕಾರು. ಅದಕ್ಕೆ ಇದ್ದದ್ದೇ ಎರಡು ಬಾಗಿಲು. ಒಂದೊಂದೂ ಮನೆಯ ಕದದಷ್ಟು ಅಗಲ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಹೆಂಡತಿಯನ್ನು ನೆಟ್ಟಗೆ ಚಾಚಿದ ಕಾಲಿನ ಸಮೇತ ಎತ್ತಿ ಒಳಗೆ ಕೂರಿಸುತ್ತಿದ್ದರು. "ನಾಕು ಬಾಗಲಾ ಸಂಸಾರದ ಗಾಡಿಗ್ರಿ. ಇದು ಗಂಡ ಹೆಂಡ್ತಿ ಗಾಡಿ" ಎಂದು ನಗುತ್ತಿದ್ದರು. ಭಾನುವಾರ ಬಂತೆಂದರೆ ದಹಿಸರಿಗೆ ಸವಾರಿ. ಅಲ್ಲಿ ಖತೀಜಾಬಿಯ ಅಕ್ಕ ಹಾಸಿಗೆ ಹಿಡಿದಿದ್ದರು. ಈ ಊರಿನಲ್ಲಿ ತವರು ಅಂತ ಆಕೆಗೆ ಉಳಿದಿದ್ದದ್ದು ಆ ಅಕ್ಕ ಒಬ್ಬರೇ.

ಒಂದು ಬೇಸಿಗೆ ಕೂಪೆ ಹೈವೇ ನಡುವೆ ಕೆಟ್ಟು ನಿಂತಿತು. ಸುಡು ಬಿಸಿಲಲ್ಲಿ ಖತೀಜಾಬಿ ಇಳಿಯಲೂ ಆಗದೆ ಒಳಗೇ ಬೆಂದರು. ಸಾಬರು ಹೆದರಿಬಿಟ್ಟರು. ಹೇಳದೆ ಕೇಳದೆ ವಾರ ಮೊದಲೇ ಕೂಪೆಯನ್ನು ಶೋರೂಮಿಗೆ ಕೊಟ್ಟು, ಹಬ್ಬಕ್ಕೆ ಹೊಸ ಪುಟ್ಟ ಸೆಡಾನ್ ತಂದರು. ನಾಲ್ಕು ಬಾಗಿಲು, ತಣ್ಣನೆ ಎಸಿ, ಸದ್ದೇ ಇಲ್ಲದ ಇಂಜಿನ್. ಶೋರೂಮಿನಲ್ಲಿ ಎಲ್ಲ ಸೀಟುಗಳನ್ನೂ ಒತ್ತಿ ನೋಡಿದ್ದರಂತೆ. ಬಾಗಿಲು ಎಷ್ಟಗಲ ಎಂಬುದು ಮಾತ್ರ ಆ ಸೀಟಿನ ಮನುಷ್ಯನಿಗೆ ಹೊಳೆದಿರಲಿಲ್ಲ.

ಹೊಸ ಬಟ್ಟೆ ತೊಟ್ಟು ಖತೀಜಾಬಿ ಹೊರಗೆ ಬಂದರು. ಬಾಗಿಲು ಎರಡಿದ್ದದ್ದು ನಾಲ್ಕಾದರೆ ಒಂದೊಂದೂ ಕಿರಿದಾಗಲೇಬೇಕಲ್ಲ. ಮುಂದಿನಿಂದ ಹತ್ತಿಸಿದರೆ ಎರಡು ಬಾಗಿಲುಗಳ ನಡುವಿನ ಕಂಬ ಅಡ್ಡ. ಹಿಂದಿನಿಂದ ಮಲಗಿಸಿ ಜಾರಿಸಲು ಹೋದಾಗ ಆಕೆ ನೋವಿಗೆ ಚೀರಿದರು. ಬಿಲ್ಡಿಂಗಿನ ನಾವೆಲ್ಲ ಸೇರಿ ಕೈಹಚ್ಚಿದೆವು, ಆಗಲಿಲ್ಲ.

"ಇರ್ಲಿ ಬಿಡ್ರಿ, ಗಾಡಿ ಛಲೋ ಐತಿ" ಎಂದರು ಖತೀಜಾಬಿ.

ಮರುದಿನವೇ ಸಾಬರು ಕೂಪೆ ಹುಡುಕಿಕೊಂಡು ಹೊರಟರು. ಜೊತೆಗೆ ನಾನೂ ಹೋದೆ. ಕುರ್ಲಾದ ಗುಜರಿಯಲ್ಲಿ ಅದು ಸಿಕ್ಕಿತು. ಇಂಜಿನ್ ಆಗಲೇ ಎತ್ತಿದ್ದರು, ಮೈಯನ್ನು ಎರಡು ತುಂಡು ಮಾಡಿದ್ದರು. ಕೆಂಪು ಬಾಗಿಲು ಗೋಡೆಗೆ ಒರಗಿತ್ತು. ಸಾಬರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಕಂಬ ಕೊಯ್ಯಾಕ ಬರಂಗಿಲ್ರಿ, ಕೊಯ್ದರ ಮ್ಯಾಲಿನ ಛತ್ತ ಕುಸೀತೈತಿ" ಎಂದು ಹೊಸ ಕಾರಿನದೇ ಮಾತಾಡಿದರು.

ಮಳೆಗಾಲದಲ್ಲಿ ದಹಿಸರಿನ ಅಕ್ಕ ತೀರಿಕೊಂಡರು. ಸ್ಟ್ರೆಚರಿನ ಗಾಡಿಗಾಗಿ ಎಲ್ಲ ಕಡೆ ಫೋನ್ ಮಾಡಿದೆವು. ಅದು ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಅಲ್ಲಿ ಮಣ್ಣು ಮುಗಿದಿತ್ತು. ಅಕ್ಕನ ಮುಖ ಖತೀಜಾಬಿಗೆ ನೋಡಲು ಸಿಗಲಿಲ್ಲ. ಆಗಲೂ ಆಕೆ ಗಂಡನ ಮೇಲೆ ಒಂದು ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಅಂಗಡಿಗೆ ಹೋಗುವುದನ್ನು ಸಾಬರು ಬಿಟ್ಟರು. ಕೆಲವೇ ತಿಂಗಳಲ್ಲಿ ಒಂದು ರಾತ್ರಿ ನಿದ್ದೆಯಲ್ಲೇ ಹೋದರು, ಎದೆ ನಿಂತು. ಅದಕ್ಕೆ ಹಿಂದಿನ ಭಾನುವಾರ ನಾನು ಸ್ಟೇಷನ್ನಿಗೆ ಹೊರಟಿದ್ದಾಗ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನಿಂತ ಕಾರಿನೊಳಗೆ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಕಿಟಕಿಯಿಂದ ಖತೀಜಾಬಿ, "ಒಬ್ರರ ಅಡ್ಡಾಡಿ ಬರ್ರಿ, ಗಾಡಿ ಸುಮ್ನ ನಿಂತೈತಿ" ಎಂದು ಮೆತ್ತಗೆ ಕೂಗಿದರು. ಸಾಬರು ತಿರುಗಿ ನೋಡಲಿಲ್ಲ.

"ಕೇಳಿದ್ರೇನ್ರಿ ಮಾಸ್ತರ್ರ" ಎಂದರು. "ಬೈ ಅಂತ ಕೈ ಮುಗದೇನಿ. ಬೈಯಂಗಿಲ್ಲ ಆಕಿ."