ಹುಲ್ಲು ಬೆಳೆಸುವ ವರ

ನನ್ನ ಅಣ್ಣನ ಮಗಳಿಗೆ ಬಂದ ಆ ಸಂಬಂಧದ ಮೇಲೆ ನನಗೆ ಮೊದಲ ದಿನವೇ ಸಂಶಯವಿತ್ತು. ಹುಡುಗ ಸವಣೂರು ತಾಲೂಕಿನವನು, ಯಲವಿಗಿ ಹತ್ತಿರದ ಹಳ್ಳಿ. ಧಾರವಾಡದಲ್ಲಿ ಕೃಷಿ ಓದಿದ್ದಾನೆ, ನೀಲಗಿರಿ ಬೆಟ್ಟದ ಮೇಲೆ ಬ್ರಿಟಿಷರ ಕಾಲದ ಗಾಲ್ಫ್ ಮೈದಾನದಲ್ಲಿ ನೌಕರಿ ಮಾಡುತ್ತಾನೆ ಎಂದು ಹಂಸಭಾವಿಯ ಮಧ್ಯಸ್ಥರು ಹೇಳಿದರು.

"ಏನ್ ನೌಕರಿರಿ?" ಎಂದು ಕೇಳಿದೆ.

"ಹುಲ್ಲು ಬೆಳಸ್ತಾನರಿ."

ಹಿರೇಕೆರೂರಿನ ಅಣ್ಣನ ಮನೆಯ ಪಡಸಾಲೆಯಲ್ಲಿ ಕೂತಿದ್ದ ಹೆಂಗಸರೆಲ್ಲ ನಕ್ಕರು. ಗೋವಿನಜೋಳದ ಹೊಲದಲ್ಲಿ ಹುಲ್ಲು ಕಿತ್ತು ಕಿತ್ತು ಸೊಂಟ ನೋಯಿಸಿಕೊಂಡವರು ಅವರು. ದನಕ್ಕೂ ಹಾಕದ ಹುಲ್ಲನ್ನು ಬೆಳೆಸಲು ಪಗಾರ ಕೊಡುವವರು ಯಾರು? ನಾನು ಮಾತ್ರ ನಗಲಿಲ್ಲ, ಹುಡುಗನ ಫೋಟೊಗಳನ್ನು ನೋಡುತ್ತಿದ್ದೆ. ಎಲ್ಲದರಲ್ಲೂ ಅವನು ಒಂದೇ ಮಗ್ಗುಲಿಗೆ ಮುಖ ತಿರುಗಿಸಿ ನಿಂತಿದ್ದ.

ಹಾನಗಲ್ಲಿನಲ್ಲಿ ನನ್ನದು ಸೀರೆ, ಕುಪ್ಪಸದ ಖಣಗಳ ಅಂಗಡಿ. ಒಳಮೈ ತಿರುವಿ ನೋಡದೆ ಯಾವ ಬಟ್ಟೆಯನ್ನೂ ನಾನು ಕೊಂಡವಳಲ್ಲ. ಮನೆತನದಲ್ಲಿ ಯಾರ ಬಗ್ಗೆಯಾದರೂ ವಿಚಾರಿಸುವುದಿದ್ದರೆ ನನ್ನನ್ನೇ ಕಳಿಸುತ್ತಾರೆ. ಅಣ್ಣ, "ನೀನ ಹೋಗಿ ನೋಡಿ ಬಾ. ಆಕೀನ್ನೂ ಕರಕೊಂಡು ಹೋಗು" ಎಂದ. ಹೆತ್ತ ತಂದೆ ತಾನೇ ಯಾಕೆ ಬರುವುದಿಲ್ಲ ಎಂದು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಸಂಶಯವೆಲ್ಲ ಆ ಹುಡುಗನ ಮೇಲೆಯೇ ಇತ್ತು.

ಬರುವುದಾಗಿ ಹೇಳಿದ್ದಕ್ಕಿಂತ ಒಂದು ದಿನ ಮುಂಚೆಯೇ ಹೋಗಿ ಇಳಿದೆವು. "ಅತ್ತೀ, ಹಿಂಗ ಮಾಡೂದು ಛಲೋ ಅಲ್ಲ" ಎಂದು ಅಣ್ಣನ ಮಗಳು ದಾರಿಯುದ್ದಕ್ಕೂ ಗೊಣಗುತ್ತಿದ್ದಳು.

ಗೇಟಿನ ಕಾವಲುಗಾರ ಫೋನ್ ಮಾಡಿದ. ಹುಡುಗ ಮಣ್ಣು ಮೆತ್ತಿದ ಬೂಟಿನಲ್ಲೇ ಓಡಿ ಬಂದ.

"ನಾಳೆ ಬರ್ತೇವಿ ಅಂದಿದ್ರಲ್ರಿ ಅಕ್ಕಾರ?"

"ಬಸ್ಸು ಲಗೂನ ಸಿಕ್ತು" ಎಂದು ಸುಳ್ಳು ಹೇಳಿದೆ. ಅವನು ನಕ್ಕು, ಅಂಚಿನ ಕಾಲುದಾರಿಯಲ್ಲಿ ನಮ್ಮನ್ನು ಕರೆದುಕೊಂಡು ಹೋದ.

ಮೈದಾನವೆಂದರೆ ಸಪಾಟಾಗಿರುತ್ತದೆ ಎಂದುಕೊಂಡಿದ್ದೆ. ಇಲ್ಲಿ ಗುಡ್ಡದ ಹಿಂದೆ ಗುಡ್ಡ, ನಡುವೆ ಕಣಿವೆ. ಅಲ್ಲಲ್ಲಿ ಚೆಂಡು ಬೀಳಿಸುವ ಕುಳಿಗೊಂದು ಸಣ್ಣ ಬಾವುಟ, ಅದರ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು. ಬಗ್ಗಿ ಮುಟ್ಟಿದೆ. ಮಖಮಲ್ಲಿನ ಹಾಗಿತ್ತು, ಒಪ್ಪಲೇಬೇಕು.

"ಇಲ್ಲಿ ಆಡಾಕ ಪರದೇಶದಿಂದ ಬರ್ತಾರಂತ ಹೇಳಿದ್ರು. ಖರೇನ?"

"ಖರೇರಿ. ಇದಕ್ಕಿಂತ ದೊಡ್ಡವು, ಚಂದವು ಬೇಕಾದಷ್ಟು ಅದಾವು. ಆದ್ರ ಅಲ್ಲಿ ಯಂತ್ರ ತಂದು ನೆಲ ತಿದ್ಯಾರ. ಇಲ್ಲಿ ಹಳೇ ಮಂದಿ ಗುಡ್ಡ ಹೆಂಗಿತ್ತೋ ಹಂಗ ಬಿಟ್ಟು ಆಡ್ಯಾರ. ಗಾಳಿ ನೋಡಿ, ಕಣಿವಿ ದಾಟಿಸಿ ಹೊಡೀಬೇಕು. ಅದಕ್ಕ ಆಟ ಬಲ್ಲವರು ಒಮ್ಮೆರ ಇಲ್ಲಿ ಆಡಬೇಕಂತ ಬರ್ತಾರ."

ಮಾತು ಚೆನ್ನಾಗಿತ್ತು. ಆದರೆ ನಮ್ಮನ್ನು ಅವನು ಸದಾ ತನ್ನ ಬಲಕ್ಕೇ ಇಟ್ಟುಕೊಂಡು ನಡೆಯುತ್ತಿದ್ದ. ಹುಡುಗಿ ಎಡಕ್ಕೆ ಸರಿದರೆ ಬೂಟಿನ ದಾರ ಕಟ್ಟುವವನಂತೆ ನಿಂತು, ಸುತ್ತು ಹಾಕಿ ಮತ್ತೆ ಅವಳು ತನ್ನ ಬಲಕ್ಕಾಗುವಂತೆ ಬರುತ್ತಿದ್ದ. ಬಾಯಿಂದ ವಾಸನೆ ಬರುತ್ತದೆಯೋ? ಕೆನ್ನೆಯ ಮೇಲೆ ಏನಾದರೂ ಕಲೆ ಇದೆಯೋ? ನಾನು ಕಣ್ಣು ಕೀಲಿಸಿಕೊಂಡೇ ನಡೆದೆ.

ಅಷ್ಟರಲ್ಲಿ ಮೇಲಿನ ದಿಬ್ಬದಿಂದ ಯಾರೋ "ಫೋರ್!" ಎಂದು ಕೂಗಿದರು. ಚೆಂಡು ದಾರಿ ತಪ್ಪಿದಾಗ ಕೆಳಗಿದ್ದವರನ್ನು ಎಚ್ಚರಿಸುವ ಕೂಗಂತೆ ಅದು. ಅವನು ಹುಡುಗಿಯ ತೋಳು ಹಿಡಿದು ಕುಳ್ಳಿರಿಸಿ, ಅಡ್ಡ ನಿಂತ. ಚೆಂಡು ಅವನ ಎಡ ಮಗ್ಗುಲಲ್ಲೇ ಬಂದು ಬಿತ್ತು. ಅವನು ಮಾತ್ರ ಅದನ್ನು ಬಲಗಡೆ ಹುಡುಕುತ್ತಿದ್ದ.

"ಇಲ್ಲೇ ಬಿತ್ತಲ್ರಿ, ನಿಮ್ಮ ಎಡಕ್ಕ" ಎಂದಳು ಹುಡುಗಿ.

ಅವನು ನಮ್ಮ ಕಡೆ ಪೂರ್ತಿ ತಿರುಗಿದ. ಹತ್ತಿರದಿಂದ ನೋಡಿದರೆ ಮಾತ್ರ ತಿಳಿಯುವಂತೆ ಎಡಗಣ್ಣಿನ ಗುಡ್ಡೆ ಮಸುಕಾಗಿತ್ತು. "ಎಡಗಣ್ಣು ಕಾಣಂಗಿಲ್ರಿ. ಇಲ್ಲೇ, ಇಂಥಾದ ಚೆಂಡು ಬಡಿದು ಹೋತು. ನಿಮಗ ಗೊತ್ತಿಲ್ಲೇನು?"

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ರ ಇಷ್ಟು ದೂರ ಬರ್ತಿದ್ವೇನು? ಫೋಟೋದಾಗೂ ಮಾರಿ ತಿರುಗಿಸಿ ನಿಂತೀರಿ, ಇಲ್ಲೂ ಹಂಗ ಮಾಡಾಕತ್ತೀರಿ!"

"ಫೋಟೊ ನಮ್ಮವ್ವ ಆರಿಸಿ ಕಳಿಸ್ಯಾಳರಿ. ಎಡಕ್ಕ ಇದ್ದವರ ಮಾರಿ ನನಗ ಕಾಣಂಗಿಲ್ಲ, ಅದಕ್ಕ ಬಲಕ್ಕ ಕರಕೋತೇನಿ. ಮುಚ್ಚಿಟ್ಟಿಲ್ಲ. ನಿಮ್ಮಣ್ಣಾರಿಗೆ ನಾನ ಫೋನ್ ಮಾಡಿ ಹೇಳೇನಿ."

ನಂಬಲಿಲ್ಲ. ನಿಂತಲ್ಲಿಂದಲೇ ಅಣ್ಣನಿಗೆ ಫೋನ್ ಹಚ್ಚಿ ಕೇಳಿದೆ. "ಹೂಂ, ಹೇಳಿದ್ದ" ಎಂದ.

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಕಣ್ಣಷ್ಟ ನೋಡಿ ಬರ್ತಿದ್ದಿ. ಹುಡುಗನ್ನ ನೋಡ್ತಿದ್ದಿಲ್ಲ."

ಅದೇ ನಿಜವೋ, ಸಂಬಂಧ ಬೇಡವೆನ್ನುವ ಮಾತು ತಾನಾಡದೆ ನನ್ನ ಬಾಯಿಂದ ಬರಲಿ ಎಂಬ ಲೆಕ್ಕಾಚಾರವೋ, ನನಗೆ ಇವತ್ತಿಗೂ ತಿಳಿದಿಲ್ಲ. ಹುಡುಗಿ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. "ಅಪ್ಪಾ, ಅತ್ತೀಗೆ ಹೇಳೂದು ಬಿಡು. ನನಗರ ಹೇಳಬೇಕಿತ್ತು" ಎಂದು ಹೇಳಿ ಇಟ್ಟುಬಿಟ್ಟಳು.

ನಾನು ಮರದ ಕೆಳಗಿನ ಬೆಂಚಿನ ಮೇಲೆ ಕೂತೆ. ಅವರಿಬ್ಬರೂ ಬಾವುಟದ ಹತ್ತಿರ ನಿಂತು ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೆಂದು ಅವಳು ಹೇಳಲಿಲ್ಲ. ಬಸ್ಸು ಘಟ್ಟ ಇಳಿದ ಮೇಲೆ, "ಆ ಹುಡುಗನ ಮ್ಯಾಲೆ ನನಗ ಸಿಟ್ಟಿಲ್ಲ ಅತ್ತಿ" ಎಂದಳು, ಅಷ್ಟೇ.

ಊರಿಗೆ ಬಂದು ಅವಳು ಒಂದೇ ಕರಾರು ಹಾಕಿದಳು: ಕಣ್ಣಿನ ವಿಷಯವನ್ನು ಅಪ್ಪ ಬಂಧುಗಳೆಲ್ಲರ ಎದುರು ತಾನೇ ಹೇಳಬೇಕು. ಅಣ್ಣ ತಲೆ ತಗ್ಗಿಸಿ ಹೇಳಿದ. ಕೆಲವರು ಎದ್ದು ಹೋದರು. ಮದುವೆ ಆಯಿತು. ಈಗ ಅವಳು ಬೆಟ್ಟದ ಮೇಲಿದ್ದಾಳೆ, ಸುಖವಾಗಿದ್ದಾಳೆ, ಗಂಡನಿಂದ ಆ ಆಟ ಕಲಿಯುತ್ತಿದ್ದಾಳಂತೆ.

ಮೊನ್ನೆ ಅಣ್ಣ ಫೋನ್ ಮಾಡಿ, ಶಿಗ್ಗಾಂವಿಯಲ್ಲಿ ಒಂದು ಮನೆ ಮಾರಾಟಕ್ಕಿದೆ, ಹೋಗಿ ನೋಡಿ ಬಾ ಎಂದ.

"ಅದರ ಬಗ್ಗೆ ನಿನಗ ಏನೇನ್ ಗೊತ್ತೈತಿ, ಮೊದಲ ಅದನ್ನ ಹೇಳು" ಎಂದೆ.

ಅವನು ಜೋರಾಗಿ ನಕ್ಕು ಫೋನ್ ಇಟ್ಟ. ನಾನು ಇನ್ನೂ ಹೋಗಿಲ್ಲ.