ಜಗಲಿಗೆ ಬಂದ ಎಲೆಗಳು

ಮೊನ್ನೆ ಸರಸ್ವತಿಪುರಂನ ಛತ್ರವೊಂದರಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಬಾಳೆ ಎಲೆಯ ಮೇಲೆ ಬಿಸಿ ಸಾರು ಬಿದ್ದಾಗ ಏಳುತ್ತದಲ್ಲ, ಎಲೆ ಅರ್ಧ ಬೆಂದಂಥ ಆ ವಾಸನೆ... ಮೂಗಿಗೆ ಬಡಿದದ್ದೇ ತಡ, ನಮ್ಮಣ್ಣನ ಡ್ರಿಲ್ ಮೇಷ್ಟ್ರು ನೆನಪಾದರು. ಅವರ ನೆನಪಾದರೆ ಈ ವಯಸ್ಸಿನಲ್ಲೂ ನನ್ನ ತಲೆ ತಾನಾಗಿ ಬಗ್ಗುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಚಾಮರಾಜಪುರಂನಲ್ಲಿತ್ತು. ಮೇಷ್ಟ್ರು ನಂಜನಗೂಡಿನ ಕಡೆಯ ಒಕ್ಕಲು ಮನೆತನದವರು. ಊರೆಲ್ಲ 'ಒಂಟೆ' ಎಂದು ರೇಗಿಸುತ್ತಿದ್ದ ಅಣ್ಣನ ಕೈಗೆ ಬಾಸ್ಕೆಟ್‌ಬಾಲ್ ಕೊಟ್ಟವರು ಅವರೇ. ನಮ್ಮ ಹಿತ್ತಲಿನ ತೆಂಗಿನ ಮರಕ್ಕೆ ಹಳೆಯ ಪೀಪಾಯಿಯ ಕಬ್ಬಿಣದ ಪಟ್ಟಿ ಬಡಿದು, ಬೆಳಗಾಗುವ ಮೊದಲೇ ಮಫ್ಲರ್ ಸುತ್ತಿಕೊಂಡು ಬಂದು ಅವನನ್ನು ಎಬ್ಬಿಸುತ್ತಿದ್ದರು. "ಮೊಣಕಾಲು ಬಗ್ಸೋ, ಕೈಯಿಂದ ಎಸೀಬ್ಯಾಡ ಕಣೋ, ಕಾಲಿಂದ ಎಸಿ!" ಎಂಬ ಅವರ ಕೂಗಿಗೆ ಬೀದಿಯೇ ಏಳುತ್ತಿತ್ತು. ಆಮೇಲೆ ಅವರಿಗೆ ಜಗಲಿಯ ಮೇಲೆ ಉಪ್ಪಿಟ್ಟು, ಕಾಫಿ. ತಂದುಕೊಡುತ್ತಿದ್ದವಳು ನಾನು. ಲೋಟವನ್ನು ಅವರೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ಅವರು ನಮ್ಮ ಹೊಸ್ತಿಲು ದಾಟಿದ್ದನ್ನು ನಾನು ನೋಡಲೇ ಇಲ್ಲ. ಯಾಕೆ ಎಂದು ಕೇಳಬೇಕೆಂದೂ ತೋಚಲಿಲ್ಲ.

ಅಣ್ಣ ಬೆಳೆದು ಭಾರತ ತಂಡಕ್ಕೆ ಆಯ್ಕೆಯಾದ. ನೆರೆಯ ದೇಶಗಳ ಪಂದ್ಯಾವಳಿ ಆ ಸಲ ನಮ್ಮ ಊರಿನಲ್ಲೇ ನಡೆಯಿತು. ಕೊನೆಯ ಆಟ ಸಿಲೋನ್ ತಂಡದ ಮೇಲೆ. ಅಂಗಳಕ್ಕಿಳಿಯುವ ಮೊದಲು ಅಣ್ಣ ಅಷ್ಟು ಜನರ ನಡುವೆ ಮೇಷ್ಟ್ರನ್ನು ಹುಡುಕಿಕೊಂಡು ಹೋಗಿ ಕಾಲಿಗೆ ನಮಸ್ಕಾರ ಮಾಡಿದ. ಗೆಲ್ಲಿಸಿದ ಬಾಸ್ಕೆಟ್ ಅವನದೇ. ಮೇಷ್ಟ್ರು ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಮರುದಿನ ಸೋತ ತಂಡಕ್ಕೆ ನಮ್ಮ ಮನೆಯಲ್ಲಿ ಊಟ. ಅದು ಅಪ್ಪನ ಉತ್ಸಾಹ. ಮೀನು ತಿನ್ನುವವರನ್ನು ನಡುಮನೆಯಲ್ಲಿ ಕೂರಿಸುವುದು ಹೇಗೆಂದು ಅಮ್ಮ ಅನುಮಾನಿಸಿದರೆ, ಮಡಿಯ ಅಜ್ಜಿಯೇ, "ಕಡಲಾಚೆಯವರಿಗೆ ಜಾತಿ ಎಲ್ಲಿಂದ ಬರತ್ತೆ? ಒಳಗೇ ಕೂರಿಸು" ಎಂದುಬಿಟ್ಟಳು. ಪರದೇಶದವರು ನಮ್ಮ ಮನೆಗೆ ಬರುವುದನ್ನು ಬೀದಿಯವರು ನೋಡಬೇಕಿತ್ತಲ್ಲ! ಮಡಿಗೂ ಮೈಲಿಗೆಗೂ ಅಂದು ರಜೆ. ಮೇಷ್ಟ್ರನ್ನೂ ಕರೆದಿದ್ದರು. ಅವರ ಎಲೆಯನ್ನು ಮಾತ್ರ ಜಗಲಿಯ ಮೇಲೆ ಹಾಕಿದ್ದರು... ಎಂದಿನ ಹಾಗೆ.

ನಾನು ಸಾರು ಬಡಿಸುತ್ತಿದ್ದೆ. ಸಿಲೋನ್ ತಂಡದ ನಾಯಕ ಪಕ್ಕದಲ್ಲಿದ್ದ ಅಣ್ಣನನ್ನು ಇಂಗ್ಲಿಷಿನಲ್ಲಿ ಕೇಳಿದ: "ನಿನ್ನೆ ನೀನು ಕಾಲಿಗೆ ನಮಸ್ಕಾರ ಮಾಡಿದೆಯಲ್ಲ, ನಿನ್ನ ಆ ಗುರುಗಳು ಬರಲಿಲ್ಲವೇ?"

ಅಣ್ಣ ಅಪ್ಪನ ಮುಖ ನೋಡಿದ. ಅಪ್ಪ ತೊಲೆ ನೋಡಿದರು. ನನ್ನ ಕಣ್ಣು, ಹಾಳಾದ್ದು, ಬಾಗಿಲ ಕಡೆ ಹೋಯಿತು. ನಾಯಕನೂ ಅತ್ತ ತಿರುಗಿದ. ಜಗಲಿಯ ಮೇಲೆ ಮೇಷ್ಟ್ರು ಒಬ್ಬರೇ, ನಮಗೆ ಬೆನ್ನು ಮಾಡಿ ಉಣ್ಣುತ್ತಿದ್ದರು.

ಅವನು ಎದ್ದ. ಊಟದ ನಡುವೆ ಏಳಬಾರದು, ಹಾಕಿದ ಎಲೆ ಕದಲಿಸಬಾರದು ಎನ್ನುವುದೆಲ್ಲ ಪಾಪ ಅವನಿಗೇನು ಗೊತ್ತು. ಎರಡೂ ಕೈಯಲ್ಲಿ ಎಲೆ ಎತ್ತಿಕೊಂಡು, ಸಾರು ಸುರಿಸಿಕೊಂಡು ನಡುಮನೆ ದಾಟಿ ಹೋಗಿ ಮೇಷ್ಟ್ರ ಪಕ್ಕ ಕೂತ. "ಅಯ್ಯೋ, ಎಲೆ!" ಎಂದು ಅಜ್ಜಿ ಚೀರುವಷ್ಟರಲ್ಲಿ ಉಳಿದವರೂ ಅವನ ಹಿಂದೆ ಹೊರಟರು. ಪಂಕ್ತಿಯಲ್ಲಿ ಉಳಿದವನು ಅಣ್ಣ ಒಬ್ಬನೇ. ಅವನು ಏಳಲಿಲ್ಲ. ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದ.

ಇಲ್ಲಿ ಯಾಕೆ ಕೂತಿರಿ ಎಂದು ನಾಯಕ ಮೇಷ್ಟ್ರನ್ನು ಕೇಳಿದ್ದು ಬಾಗಿಲಿಗೆ ಬಂದಿದ್ದ ನನಗೆ ಕೇಳಿಸಿತು. ಒಂದು ಮಾತು ಸಾಕಿತ್ತು, ನಮ್ಮ ಮನೆಯ ಮಾನ ಬೀದಿಪಾಲಾಗಲು. ಮೇಷ್ಟ್ರು ನಕ್ಕರು. "ಇನ್‌ಸೈಡ್ ವೆರಿ ಹಾಟ್, ಸಾರ್. ಹಿಯರ್ ಗುಡ್ ಬ್ರೀಜ್."

ಧನುರ್ಮಾಸದ ಚಳಿಗಾಳಿ. ಅವರ ಕತ್ತಿನಲ್ಲಿ ಮಫ್ಲರ್ ಹಾಗೇ ಇತ್ತು. ನಾಯಕ ಅದನ್ನೊಮ್ಮೆ ನೋಡಿ ತನ್ನ ಎಲೆಯ ಕಡೆ ಬಗ್ಗಿದ. ಮೇಷ್ಟ್ರು ನನ್ನ ಕಡೆ ತಿರುಗಿ, "ಪುಟ್ಟಮ್ಮ, ಇವ್ರಿಗೆ ಪಾಯ್ಸ ಇಲ್ಗೇ ತಂದ್ಬುಡಮ್ಮ" ಎಂದರು, ಏನೂ ಆಗಿಲ್ಲವೆಂಬಂತೆ. ಬೈದಿದ್ದರೆ ವಾಸಿಯಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಣ್ಣನ ಮದುವೆಗೆ ಅಪ್ಪನೇ ಶ್ರೀರಾಂಪುರದ ಅವರ ಮನೆಗೆ ಹೋಗಿ ಕರೆದು ಬಂದರು. ಮೊದಲ ಪಂಕ್ತಿಯಲ್ಲಿ, ತಮ್ಮ ಪಕ್ಕದಲ್ಲೇ ಎಲೆ ಹಾಕಿಸಿದರು. ಮೇಷ್ಟ್ರು ಬಂದರು, ಅಕ್ಷತೆ ಹಾಕಿದರು, ಅಣ್ಣನ ತಲೆ ಸವರಿದರು. "ಹೊಟ್ಟೆ ಸರಿಯಿಲ್ಲ ಸ್ವಾಮಿ, ತಪ್ಪು ತಿಳ್ಕೋಬ್ಯಾಡಿ" ಎಂದು ಅಪ್ಪನಿಗೆ ಕೈಮುಗಿದು ಹೊರಟುಹೋದರು. ಆ ಎಲೆಗೆ ಅಪ್ಪ ಬೇರೆ ಯಾರನ್ನೂ ಕೂರಗೊಡಲಿಲ್ಲ. ಅದರ ಪಕ್ಕದಲ್ಲಿ ತಲೆ ಬಗ್ಗಿಸಿಕೊಂಡು ಉಂಡರು.

ಅಪ್ಪ, ಅಣ್ಣ, ಮೇಷ್ಟ್ರು... ಈಗ ಯಾರೂ ಇಲ್ಲ. ಮೊನ್ನೆ ಛತ್ರದಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು, ಮುಂದೆ ಎಲೆ ಹಾಕಿತ್ತು. ಬಡಿಸುವವನು ಸಾರಿನ ಬಕೆಟ್ ಹಿಡಿದು ನಿಂತು ಕೇಳಿದ: "ಇಲ್ಲಿಗೆ ಯಾರಾದ್ರೂ ಬರ್ತಾರಾ ಅಜ್ಜಿ?"

"ಕರೆದಿದ್ವಿ ಕಣಪ್ಪ," ಎಂದೆ. "ತಡವಾಗಿ ಕರೆದ್ವಿ."